ರೀಜನಲ್ ಏರ್‌ಲೈನೋ, ಕಾರ್ಪೊರೇಟ್ ಜೆಟ್ಟೋ: ಅಮೆರಿಕದಲ್ಲಿ ಪೈಲಟ್ ಆಗಹೊರಟ ಕನ್ನಡಿಗರಿಗೆ

ಅಮೆರಿಕದಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದು, ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿ ಹಾರಾಟದ ಗಂಟೆಗಳನ್ನು ಕೂಡಿಸಿಕೊಳ್ಳುತ್ತಿರುವವರ ಮುಂದೆ ಸಾಮಾನ್ಯವಾಗಿ ಎರಡು ಬಾಗಿಲುಗಳು ತೆರೆದುಕೊಳ್ಳುತ್ತವೆ. ದೊಡ್ಡ ಏರ್‌ಲೈನ್‌ಗಳ ಹೆಸರಿನಲ್ಲಿ ಸಣ್ಣ ಜೆಟ್‌ಗಳನ್ನು ಹಾರಿಸುವ ರೀಜನಲ್ ಏರ್‌ಲೈನ್ ಒಂದು. ಕಂಪನಿಯ ಅಥವಾ ಶ್ರೀಮಂತರ ಖಾಸಗಿ ಜೆಟ್ ಹಾರಿಸುವ ಕಾರ್ಪೊರೇಟ್ ಕೆಲಸ ಇನ್ನೊಂದು. ಎಲ್ಲರೂ ಮೊದಲು ಕೇಳುವುದು ಸಂಬಳವನ್ನು. ಆದರೆ ಈ ಎರಡು ಕೆಲಸಗಳ ನಿಜವಾದ ವ್ಯತ್ಯಾಸವಿರುವುದು ನಿಮ್ಮ ದಿನಗಳನ್ನು ನಿರ್ಧರಿಸುವವರು ಯಾರು ಎಂಬುದರಲ್ಲಿ: ಒಂದು ಕಡೆ ಲಿಖಿತ ಒಪ್ಪಂದ, ಇನ್ನೊಂದು ಕಡೆ ಒಬ್ಬ ವ್ಯಕ್ತಿಯ ಫೋನ್ ಕರೆ.

ಅದಕ್ಕೂ ಮೊದಲು ವೀಸಾದ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಪರಿಣತ ಉದ್ಯೋಗಗಳ ವೀಸಾ ಆದ ಎಚ್-1ಬಿ ಸಿಗಬೇಕಾದರೆ ಆ ಹುದ್ದೆಗೆ ನಿರ್ದಿಷ್ಟ ವಿಷಯದ ಪದವಿ ಕಡ್ಡಾಯವಾಗಿರಬೇಕು. ಪೈಲಟ್ ಹುದ್ದೆಗೆ ಅಂಥ ಕಡ್ಡಾಯವಿಲ್ಲದ ಕಾರಣ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಎಚ್-1ಬಿಯಲ್ಲಿ ಬಂದವರು ಬಿಡುವಿನಲ್ಲಿ ಹಾರಾಟ ಕಲಿಯಬಹುದು, ಆದರೆ ಹಣ ಪಡೆದು ಹಾರಿಸುವಂತಿಲ್ಲ, ಕಲಿಸುವಂತೆಯೂ ಇಲ್ಲ. ಎಂ-1 ವೀಸಾದಲ್ಲಿ ಫ್ಲೈಯಿಂಗ್ ಸ್ಕೂಲಿಗೆ ಬಂದವರಿಗೆ ಕಲಿಕೆಯ ನಂತರ ಕೆಲಸ ಮಾಡಲು ಸಿಗುವುದು ಹೆಚ್ಚೆಂದರೆ ಆರು ತಿಂಗಳು; ಎಫ್-1ನಲ್ಲಿ ಕಾಲೇಜಿನ ಏವಿಯೇಷನ್ ಪದವಿ ಮಾಡಿದವರಿಗೆ ಓಪಿಟಿ ಎಂಬ ಕೆಲಸದ ಅನುಮತಿಯ ಒಂದು ವರ್ಷ. ಜನ ಮರೆತುಬಿಡುವ ದಾರಿಯೊಂದಿದೆ: ಎಚ್-1ಬಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿನ ಹಾದಿಯ ಉದ್ಯೋಗದಾತರ ಅರ್ಜಿ) ಅಂಗೀಕೃತವಾಗಿದ್ದರೆ ಎಚ್-4 ಇಎಡಿ, ಅಂದರೆ ಅವಲಂಬಿತರ ಕೆಲಸದ ಪರವಾನಗಿ, ಪಡೆದ ಪತಿ ಅಥವಾ ಪತ್ನಿ ಯಾವ ಉದ್ಯೋಗವನ್ನಾದರೂ ಮಾಡಬಹುದು, ವಿಮಾನ ಹಾರಿಸುವುದೂ ಅದರಲ್ಲಿ ಸೇರಿದೆ. ಆದರೂ ಏರ್‌ಲೈನ್‌ಗಳು ಕೆಲಸದ ಹಕ್ಕಿನ ಜೊತೆಗೆ ದೇಶದಿಂದ ಅಡೆತಡೆಯಿಲ್ಲದೆ ಹೊರಹೋಗಿ ಒಳಬರುವ ಅವಕಾಶವನ್ನೂ ಕೇಳುತ್ತವೆ. ಹಾಗಾಗಿ ಹೆಚ್ಚಿನವರ ಪಾಲಿಗೆ ಗ್ರೀನ್ ಕಾರ್ಡೇ ನಿಜವಾದ ಪ್ರವೇಶಪತ್ರ, ಮತ್ತು ಭಾರತದಲ್ಲಿ ಹುಟ್ಟಿದವರ ಉದ್ಯೋಗಾಧಾರಿತ ಸರತಿ ದಶಕಕ್ಕೂ ಮೀರಿ ಉದ್ದವಿದೆ. ಇದು ಬಗೆಹರಿಯದೆ ಲಕ್ಷ ಡಾಲರ್ ಸಾಲ ಮಾಡಿ ತರಬೇತಿಗೆ ಇಳಿಯುವುದು ವಿವೇಕವಲ್ಲ.

ಇಲ್ಲಿನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ ಹಾರಾಟವನ್ನು ಬೇರೆ ಬೇರೆ ನಿಯಮಭಾಗಗಳಲ್ಲಿ ಇರಿಸಿದೆ. ವೇಳಾಪಟ್ಟಿಯ ಏರ್‌ಲೈನ್‌ಗಳಿಗೆ ಪಾರ್ಟ್ 121, ಬಾಡಿಗೆಗೆ ಹಾರುವ ಚಾರ್ಟರ್‌ಗಳಿಗೆ ಪಾರ್ಟ್ 135, ಕಂಪನಿ ತನ್ನದೇ ಕೆಲಸಕ್ಕೆ ಹಾರಿಸುವ ಸ್ವಂತ ವಿಮಾನಕ್ಕೆ ಪಾರ್ಟ್ 91. ನೆಟ್‌ಜೆಟ್ಸ್, ಫ್ಲೆಕ್ಸ್‌ಜೆಟ್‌ನಂತೆ ಒಂದು ವಿಮಾನದ ಪಾಲನ್ನು ಹಲವರಿಗೆ ಮಾರುವ ಸಂಸ್ಥೆಗಳಿಗೆ ಪಾರ್ಟ್ 91ರಲ್ಲೇ ಕೆ ಎಂಬ ಪ್ರತ್ಯೇಕ ಅಧ್ಯಾಯವಿದೆ. ಕೆಲಸದ ಜಾಹೀರಾತಿನಲ್ಲಿ ‘ಕಾರ್ಪೊರೇಟ್’ ಎಂದಿದ್ದರೆ ಅದು ಇವುಗಳಲ್ಲಿ ಯಾವುದರ ಅಡಿಯಲ್ಲಿ ಬರುತ್ತದೆ ಎಂದು ಮೊದಲು ಕೇಳಿ. ವಿಶ್ರಾಂತಿಯ ಹಕ್ಕಿನಿಂದ ಹಿಡಿದು ಮುಂದಿನ ಬಡ್ತಿಯವರೆಗೆ ಎಲ್ಲವೂ ಆ ಉತ್ತರವನ್ನು ಅವಲಂಬಿಸಿದೆ.

ಏರ್‌ಲೈನಿನ ಕಾಕ್‌ಪಿಟ್‌ನಲ್ಲಿ ಕೂರಲು ಪೈಲಟ್ ಲೈಸೆನ್ಸ್‌ಗಳಲ್ಲಿ ಅತಿ ಮೇಲಿನದಾದ ಎಟಿಪಿ ಸರ್ಟಿಫಿಕೇಟ್ ಬೇಕು, ಅದಕ್ಕೆ 1,500 ಗಂಟೆ ಹಾರಾಟ ಬೇಕು. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಮಂದಿ ಸತ್ತ ಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2010ರಲ್ಲಿ ಇದಕ್ಕೆ ಕಾನೂನು ಮಾಡಿತು, ನಿಯಮ 2013ರಲ್ಲಿ ಜಾರಿಗೆ ಬಂತು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು ಎಂಬುದು ಬೇರೆ ಮಾತು. ಮಾನ್ಯತೆ ಪಡೆದ ಕಾಲೇಜಿನ ನಾಲ್ಕು ವರ್ಷದ ಏವಿಯೇಷನ್ ಪದವಿ ಇದ್ದವರಿಗೆ 1,000 ಗಂಟೆ, ಎರಡು ವರ್ಷದ ಪದವಿಗೆ 1,250 ಗಂಟೆ ಸಾಕು. ಖಾಸಗಿ ಜೆಟ್‌ನ ಬಲಗಡೆ ಸೀಟಿಗೆ, ಅಂದರೆ ಸಹಪೈಲಟ್ ಜಾಗಕ್ಕೆ, ಕಾನೂನಿನ ಪ್ರಕಾರ ಇಷ್ಟೆಲ್ಲ ಬೇಕಿಲ್ಲ, ಕಮರ್ಷಿಯಲ್ ಲೈಸೆನ್ಸ್ ಸಾಕು. ಕೆಲವರು 1,500 ಮುಟ್ಟುವ ಮೊದಲೇ ಆ ಕಡೆ ಹೋಗುವುದು ಈ ಕಾರಣಕ್ಕೆ. ಆದರೆ ವಿಮೆ ಕಂಪನಿ ಕಾನೂನಿಗಿಂತ ಹೆಚ್ಚಿನ ಗಂಟೆಗಳನ್ನು ಕೇಳಬಹುದು, ಕೇಳುತ್ತದೆ.

ರೀಜನಲ್‌ನಲ್ಲಿ ನೀವು ಮೊದಲು ಒಂದು ಸಂಖ್ಯೆ, ಆಮೇಲೆ ಪೈಲಟ್. ಸೇರಿದ ದಿನವೇ ಸೀನಿಯಾರಿಟಿ ಪಟ್ಟಿಯಲ್ಲಿ ನಿಮಗೊಂದು ಸ್ಥಾನ ಸಿಗುತ್ತದೆ. ಯಾವ ಊರು ನಿಮ್ಮ ಬೇಸ್ (ಟ್ರಿಪ್‌ಗಳು ಶುರುವಾಗುವ ನಿಲ್ದಾಣ), ಯಾವ ತಿಂಗಳು ಯಾವ ಟ್ರಿಪ್, ಯಾವ ವಾರ ರಜೆ, ಯಾವಾಗ ಕ್ಯಾಪ್ಟನ್, ಎಲ್ಲವನ್ನೂ ಆ ಸಂಖ್ಯೆಯೇ ನಿರ್ಧರಿಸುತ್ತದೆ. ನಿಮ್ಮ ಕೌಶಲ, ಹಿಂದಿನ ಅನುಭವ, ಮೇಲಿನವರ ಪರಿಚಯ ಯಾವುದೂ ಇಲ್ಲಿ ನಡೆಯುವುದಿಲ್ಲ. ನಮ್ಮೂರಿನ ಶಿಫಾರಸಿನ ಪದ್ಧತಿಯನ್ನು ಕಂಡು ಬೇಸತ್ತವರಿಗೆ ಇದು ಹಿತವೆನಿಸೀತು. ಆದರೆ ಪಟ್ಟಿಯ ಕೆಳಗಿರುವಾಗ ತಂಗಿಯ ಮದುವೆಯ ಮುಹೂರ್ತ ಮೇ ತಿಂಗಳಲ್ಲಿ ಬಿದ್ದರೆ ಆ ರಜೆಯ ವಾರ ಸಿಗುವುದು ಕಷ್ಟ. ವರ್ಷದ ರಜೆಗಳನ್ನು ಹಿಂದಿನ ವರ್ಷವೇ ಸೀನಿಯಾರಿಟಿಯ ಕ್ರಮದಲ್ಲಿ ಹಂಚಿ ಮುಗಿಸಿರುತ್ತಾರೆ.

ಹೊಸಬರ ಪಾಲಿಗೆ ಮೊದಲು ಬರುವುದು ರಿಸರ್ವ್, ಅಂದರೆ ಕರೆ ಬಂದರೆ ಹಾರಲು ಸಿದ್ಧವಾಗಿ ಕಾಯುವ ಸರದಿ. ಮನೆ ಡಲ್ಲಾಸ್‌ನಲ್ಲಿ, ಬೇಸ್ ಷಿಕಾಗೋದಲ್ಲಿ ಎಂದುಕೊಳ್ಳಿ. ಕರೆ ಬಂದ ಎರಡು ಗಂಟೆಯ ಆಸುಪಾಸಿನಲ್ಲಿ ವಿಮಾನ ನಿಲ್ದಾಣ ಮುಟ್ಟಬೇಕಾದ್ದರಿಂದ ಷಿಕಾಗೋದಲ್ಲಿ ಇತರ ಪೈಲಟ್‌ಗಳ ಜೊತೆ ಒಂದು ಬಾಡಿಗೆ ಕೋಣೆಯಲ್ಲಿ ಬಂಕ್ ಹಾಸಿಗೆ ಹಿಡಿಯುತ್ತೀರಿ. ಇದನ್ನು ಕ್ರ್ಯಾಶ್ ಪ್ಯಾಡ್ ಎನ್ನುತ್ತಾರೆ. ಇಸ್ತ್ರಿ ಮಾಡಿದ ಸಮವಸ್ತ್ರ ಬಾಗಿಲ ಹಿಂದೆ ತೂಗುತ್ತಿರುತ್ತದೆ, ಫೋನ್ ತಲೆದಿಂಬಿನ ಪಕ್ಕದಲ್ಲಿರುತ್ತದೆ. ಒಮ್ಮೊಮ್ಮೆ ಇಡೀ ದಿನ ಯಾರೂ ಕರೆಯುವುದಿಲ್ಲ. ರಿಸರ್ವ್ ಮುಗಿದ ಮೇಲೆ ಮನೆಗೆ ಹೋಗುವುದು ಬೇರೆ ವಿಮಾನದ ಜಂಪ್‌ಸೀಟಿನಲ್ಲಿ (ಸಿಬ್ಬಂದಿಗಿರುವ ಹೆಚ್ಚುವರಿ ಸೀಟು), ಅದೂ ಖಾಲಿ ಇದ್ದರೆ ಮಾತ್ರ. ಬೇಸ್ ಇರುವ ಊರಿಗೇ ಮನೆ ಬದಲಿಸಬಲ್ಲವರಿಗೆ ಈ ಕೆಲಸ ಬೇರೆಯದೇ ಕೆಲಸವಾಗುತ್ತದೆ. ಸಂಗಾತಿಯ ಎಚ್-1ಬಿ ಕೆಲಸ ಒಂದು ಊರಿಗೆ ಕಟ್ಟಿಹಾಕಿರುವ ನಮ್ಮ ಕುಟುಂಬಗಳಿಗೆ ಅದು ಸುಲಭವಲ್ಲ, ಆದ್ದರಿಂದ ಅರ್ಜಿ ಹಾಕುವಾಗಲೇ ಬೇಸ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ.

ಸಂಬಳದ ಲೆಕ್ಕವೂ ವಿಚಿತ್ರವಾಗಿದೆ. 2010ರ ಸುಮಾರಿಗೆ ಹೊಸ ಫಸ್ಟ್ ಆಫೀಸರ್‌ಗೆ (ಸಹಪೈಲಟ್) ವರ್ಷಕ್ಕೆ 20-25 ಸಾವಿರ ಡಾಲರ್ ಸಿಗುತ್ತಿದ್ದುದು ಸಾಮಾನ್ಯ. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಒಡೆತನದ ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಸಂಸ್ಥೆಗಳು ಆರಂಭದ ದರವನ್ನು ಗಂಟೆಗೆ 90 ಡಾಲರಿಗೆ ಏರಿಸಿದವು, ಉಳಿದವರೂ ಹಿಂಬಾಲಿಸಿದರು. ಆದರೆ ಆ ಗಂಟೆ ವಿಮಾನ ಗೇಟು ಬಿಟ್ಟಾಗ ಆರಂಭವಾಗಿ ಗೇಟು ಸೇರಿದಾಗ ಮುಗಿಯುತ್ತದೆ. ತಿಂಗಳಿಗೆ 75 ಗಂಟೆಯ ಖಾತ್ರಿ ಎಂದರೆ ವರ್ಷಕ್ಕೆ 81,000 ಡಾಲರ್. ಅದಕ್ಕಾಗಿ ಮನೆಯಿಂದ ಹೊರಗಿರುವ ಗಂಟೆಗಳು ಅದರ ಮೂರು ಪಟ್ಟಿಗೂ ಹೆಚ್ಚಿದ್ದಾವು. ನೇಮಕದ ಆ ಭರಾಟೆ 2024ರ ಹೊತ್ತಿಗೆ ತಗ್ಗಿತು ಎಂಬುದನ್ನೂ ನೆನಪಿಡಬೇಕು.

ಇನ್ನೊಂದು ಅಪಾಯ ಹೊರಗಿನಿಂದ ಕಾಣುವುದಿಲ್ಲ. ವಿಮಾನದ ಮೇಲೆ ಯುನೈಟೆಡ್ ಎಕ್ಸ್‌ಪ್ರೆಸ್ ಎಂದೋ ಡೆಲ್ಟಾ ಕನೆಕ್ಷನ್ ಎಂದೋ ಬರೆದಿದ್ದರೂ ಅದನ್ನು ಹಾರಿಸುವ ರೀಜನಲ್ ಗುತ್ತಿಗೆದಾರ ಮಾತ್ರ. ಟಿಕೆಟ್ ಮಾರುವುದು, ವೇಳಾಪಟ್ಟಿ ಹಾಕುವುದು ದೊಡ್ಡ ಏರ್‌ಲೈನ್. ಗುತ್ತಿಗೆ ಹೋದರೆ ರೀಜನಲ್ ಉಳಿಯುವುದಿಲ್ಲ. 2020ರಲ್ಲಿ ಕಂಪಾಸ್, ಟ್ರಾನ್ಸ್ ಸ್ಟೇಟ್ಸ್, ಎಕ್ಸ್‌ಪ್ರೆಸ್‌ಜೆಟ್ ಮೂರೂ ಹಾರಾಟ ನಿಲ್ಲಿಸಿದವು. ಹತ್ತು ವರ್ಷ ಕಾಪಾಡಿಕೊಂಡ ಸೀನಿಯಾರಿಟಿ ಮುಂದಿನ ಕಂಪನಿಯಲ್ಲಿ ಸೊನ್ನೆಯಿಂದ ಶುರುವಾಗುತ್ತದೆ.

ಕಾರ್ಪೊರೇಟ್ ಪೈಲಟ್‌ನ ದಿನ ಬೇರೆ ಥರ. ಬೆಳಿಗ್ಗೆ ಪ್ರಯಾಣಿಕರಿಗಿಂತ ಎರಡು ಗಂಟೆ ಮುಂಚೆ ಬಂದು ಕಾಫಿ, ಐಸ್, ಪತ್ರಿಕೆ, ಊಟ ಎಲ್ಲ ಇದೆಯೇ ಎಂದು ನೋಡಿ, ಇಂಧನ ಹಾಕಿಸಿ, ಶೌಚಾಲಯ ಶುಚಿ ಮಾಡಿಸಿ, ಸೂಟ್‌ಕೇಸ್‌ಗಳನ್ನು ತಾವೇ ಎತ್ತಿಡಬೇಕು. ನ್ಯೂಜೆರ್ಸಿಯ ಟೀಟರ್‌ಬರೋದಲ್ಲಿ ಇಳಿದು ಪ್ರಯಾಣಿಕರು ಮ್ಯಾನ್‌ಹ್ಯಾಟನ್‌ನ ಸಭೆಗೆ ಹೋದರೆ, ಪೈಲಟ್ ಟರ್ಮಿನಲ್‌ನ ಸೋಫಾದಲ್ಲಿ ಸಂಜೆಯವರೆಗೆ ಕಾಯಬೇಕು. ಐದು ಗಂಟೆಗೆ ಹೊರಡುವುದು ಎಂದಿದ್ದದ್ದು ಎಂಟಾಗಬಹುದು, ಮರುದಿನವೂ ಆಗಬಹುದು. ಇದನ್ನು ಕೀಳು ಕೆಲಸ ಎಂದುಕೊಳ್ಳುವವರು ಈ ಕಡೆ ಬರದಿರುವುದೇ ಒಳ್ಳೆಯದು. ಬದಲಿಗೆ ಸಿಗುವುದೂ ಕಡಿಮೆಯಲ್ಲ: ಒಳ್ಳೆಯ ಹೋಟೆಲ್, ಮನೆಯ ಹತ್ತಿರದ ವಿಮಾನ ನಿಲ್ದಾಣವೇ ಬೇಸ್, ವರ್ಷಕ್ಕೆ 300-400 ಗಂಟೆಯಷ್ಟೇ ಹಾರಾಟ, ಒಳ್ಳೆಯ ಕಂಪನಿಯಾದರೆ ಅಲ್ಲಿನ ಅಧಿಕಾರಿಗಳಿಗಿರುವ ಆರೋಗ್ಯ ವಿಮೆ ಮತ್ತು ನಿವೃತ್ತಿ ಯೋಜನೆ.

ಆದರೆ ಪಾರ್ಟ್ 91ರಲ್ಲಿ ಕಂಪನಿಯ ಸ್ವಂತ ಹಾರಾಟಕ್ಕೆ ಕೆಲಸದ ಅವಧಿಯ ಮಿತಿಯೇ ಇಲ್ಲ. ಏರ್‌ಲೈನ್ ಪೈಲಟ್‌ಗೆ ವಿಶ್ರಾಂತಿಯ ನಿಯಮಭಾಗವಾದ ಪಾರ್ಟ್ 117ರಂತೆ ಕರ್ತವ್ಯಕ್ಕೆ ಮೊದಲು ಹತ್ತು ಗಂಟೆಯ ವಿಶ್ರಾಂತಿ ಸಿಗಲೇಬೇಕು, ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ದಣಿದಿದ್ದೇನೆ ಎಂದರೆ ಹಾರಿಸಲು ಬಿಡುವಂತಿಲ್ಲ. ಖಾಸಗಿ ಜೆಟ್‌ನಲ್ಲಿ ಅದೇ ಮಾತನ್ನು ಮಾಲೀಕನ ಮುಖ ನೋಡಿಯೇ ಹೇಳಬೇಕು. ಕಂಪನಿಗಳ ಒಳ್ಳೆಯ ವಿಮಾನ ವಿಭಾಗಗಳು ತಾವೇ ಲಿಖಿತ ನಿಯಮ ಮಾಡಿಕೊಂಡಿರುತ್ತವೆ, ಎಲ್ಲರೂ ಮಾಡಿಕೊಂಡಿರುವುದಿಲ್ಲ. ಸಾಮಾನ್ಯವಾಗಿ ಯೂನಿಯನ್ನೂ ಇರುವುದಿಲ್ಲ. 2008ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ನ ಮೂರು ಕಾರು ಕಂಪನಿಗಳ ಮುಖ್ಯಸ್ಥರು ಖಾಸಗಿ ಜೆಟ್‌ಗಳಲ್ಲಿ ವಾಷಿಂಗ್ಟನ್‌ಗೆ ಹೋಗಿ ಸರ್ಕಾರದ ಸಾಲ ಕೇಳಿ ಟೀಕೆಗೊಳಗಾದ ಮೇಲೆ, ಫೋರ್ಡ್ ತನ್ನ ವಿಮಾನಗಳನ್ನು ಮಾರುವುದಾಗಿ ಡಿಸೆಂಬರ್‌ನಲ್ಲೇ ಘೋಷಿಸಿತು. ಅವುಗಳನ್ನು ಹಾರಿಸುತ್ತಿದ್ದವರ ತಪ್ಪು ಇದರಲ್ಲಿ ಏನೂ ಇರಲಿಲ್ಲ.

ಕ್ಯಾಪ್ಟನ್ ಹುದ್ದೆಯ ಲೆಕ್ಕವನ್ನೂ ಮಾಡಿಕೊಳ್ಳಬೇಕು. ಪಾರ್ಟ್ 121ರಲ್ಲಿ ಕ್ಯಾಪ್ಟನ್ ಆಗಲು ಏರ್‌ಲೈನ್ ಮಾದರಿಯ ಕಾರ್ಯಾಚರಣೆಯಲ್ಲಿ 1,000 ಗಂಟೆ ಬೇಕು. ರೀಜನಲ್‌ನ ಬಲ ಸೀಟಿನ ಗಂಟೆ ಇದಕ್ಕೆ ಸಲ್ಲುತ್ತದೆ. ಸಾಮಾನ್ಯ ಪಾರ್ಟ್ 91ರ ಖಾಸಗಿ ಜೆಟ್‌ನ ಗಂಟೆ ಎಷ್ಟಿದ್ದರೂ ಸಲ್ಲುವುದಿಲ್ಲ. ವಯಸ್ಸು ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ: ಏರ್‌ಲೈನ್‌ನಲ್ಲಿ 65ಕ್ಕೆ ಇಳಿಯಲೇಬೇಕು, ಕಂಪನಿಯ ಸ್ವಂತ ಜೆಟ್‌ಗೆ ಕಾನೂನಿನ ವಯೋಮಿತಿ ಇಲ್ಲ. ಆದ್ದರಿಂದ ಮೂವತ್ತರ ಆಸುಪಾಸಿನಲ್ಲಿದ್ದು ದೊಡ್ಡ ಏರ್‌ಲೈನ್ ಗುರಿಯಾಗಿದ್ದರೆ ನನ್ನ ಮತ ರೀಜನಲ್ ಕಡೆಗೆ, ಮೊದಲ ಎರಡು ವರ್ಷ ಕಷ್ಟವಾದರೂ ಸರಿ. ಐವತ್ತರ ಸಮೀಪದಲ್ಲಿ ಸಾಫ್ಟ್‌ವೇರ್ ಬಿಟ್ಟು ಬಂದವರು ಮತ್ತೆ ಪಟ್ಟಿಯ ತುದಿಯಲ್ಲಿ ನಿಲ್ಲುವುದಕ್ಕಿಂತ, ಮನೆಯ ಬಳಿಯ ಒಳ್ಳೆಯ ಕಾರ್ಪೊರೇಟ್ ವಿಭಾಗ ಹುಡುಕುವುದು ಮೇಲು.

ಊರಿಗೆ ಮರಳುವ ಯೋಚನೆ ಇದ್ದರೆ ರೀಜನಲ್‌ಗೆ ಇನ್ನೊಂದು ಕಾರಣವಿದೆ. ಇಲ್ಲಿ 76 ಸೀಟಿನೊಂದಿಗೆ ಹಾರುವ ಎಂಬ್ರೇರ್ 175 ಜೆಟ್ಟನ್ನೇ ಸ್ಟಾರ್ ಏರ್ ಬೆಂಗಳೂರಿನಿಂದ ಹಾರಿಸುತ್ತಿದೆ. ಬಿಸಿನೆಸ್ ಜೆಟ್‌ಗಳಿಗೆ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣವಿದೆಯಾದರೂ ಅಲ್ಲಿನ ಹುದ್ದೆಗಳು ಕಡಿಮೆ. ಎರಡಕ್ಕೂ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯೊರಾಲಜಿ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಬದಲಿಸಿಕೊಳ್ಳಬೇಕಾಗುತ್ತದೆ. ರೀಜನಲ್ ಪೈಲಟ್‌ಗಳ ತಂದೆತಾಯಿಗೆ ದೊಡ್ಡ ಏರ್‌ಲೈನಿನ ವಿಮಾನಗಳಲ್ಲೂ ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸಿಕೊಳ್ಳುವ ಸ್ಟ್ಯಾಂಡ್‌ಬೈ ಪ್ರಯಾಣದ ಸೌಲಭ್ಯ ಸಿಗುವುದುಂಟು. ಆದರೆ ಅದನ್ನು ನಂಬಿ ಡಿಸೆಂಬರ್‌ನಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬೇಡಿ.

ಕಾರ್ಪೊರೇಟ್ ಸಂದರ್ಶನಕ್ಕೆ ಹೋದರೆ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ತಿಂಗಳಿಗೆ ಮೊದಲೇ ಗೊತ್ತಾಗುವ, ಫೋನ್ ಬರದ ರಜೆದಿನಗಳು ಎಷ್ಟು? ಒಂದು ವಿಮಾನಕ್ಕೆ ಎಷ್ಟು ಪೈಲಟ್‌ಗಳಿದ್ದಾರೆ? ಇಬ್ಬರೇ ಎಂದರೆ ನಿಮಗೆ ಜ್ವರ ಬಂದ ದಿನ ಏನಾಗುತ್ತದೆ? ಟೈಪ್ ರೇಟಿಂಗ್ (ಆಯಾ ಮಾದರಿಯ ಜೆಟ್ ಹಾರಿಸುವ ಅರ್ಹತೆ) ತರಬೇತಿಗೆ ಕಂಪನಿ ಹಣ ಕೊಟ್ಟು ಬಾಂಡ್ ಬರೆಸಿಕೊಳ್ಳುವುದು ಇಲ್ಲಿ ಸಾಮಾನ್ಯ; ಅವರೇ ನಿಮ್ಮನ್ನು ತೆಗೆದರೂ ಆ ಹಣ ವಾಪಸು ಕೇಳುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲು ಲಿಖಿತವಾಗಿ ಪಡೆಯಿರಿ. ಅಮೆರಿಕದ ಪ್ರಜೆಯಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ, ಆ ತರಬೇತಿಗೆ ಮೊದಲು ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎಯ ಭದ್ರತಾ ಅನುಮತಿ ಬೇಕು. ಅದಕ್ಕೆ ಹಿಡಿಯುವ ದಿನಗಳನ್ನು ಸೇರುವ ತಾರೀಕಿನಲ್ಲಿ ಲೆಕ್ಕ ಹಿಡಿಯಿರಿ.