ಹೈಬ್ರಿಡ್ ಕಾರಿನ ಚಿಕ್ಕ ಬ್ಯಾಟರಿ: ಮಳೆಗಾಲಕ್ಕೆ ಮೊದಲು ಹೀಗೆ ನೋಡಿಕೊಳ್ಳಿ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದಲ್ಲಿ ಭಾವನ ಹೈಬ್ರಿಡ್ ಕಾರು ಐದು ದಿನ ನಿಂತಿತ್ತು. ಜಡಿಮಳೆಗೆ ಯಾರೂ ಹೊರಟಿರಲಿಲ್ಲ. ಆರನೆಯ ದಿನ ಗುಂಡಿ ಒತ್ತಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕಿ ಆರಿದವು, ಒಳಗೆಲ್ಲೋ ಟಿಕ್ ಟಿಕ್ ಸದ್ದು, ಅಷ್ಟೆ. ಡಿಕ್ಕಿಯ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಅದರ ದೀಪ ಐದು ರಾತ್ರಿಯೂ ಉರಿದಿತ್ತು.

"ಅಷ್ಟು ದೊಡ್ಡ ಬ್ಯಾಟರಿ ಇದೆಯಲ್ಲ, ಅದೇನು ಮಾಡುತ್ತಿದೆ?" ಎಂದು ಭಾವ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ, ಅಂದರೆ ಇಂಜಿನ್ ಜೊತೆಗೆ ವಿದ್ಯುತ್ ಮೋಟರೂ ಚಕ್ರ ತಿರುಗಿಸುವ ಕಾರಿನಲ್ಲಿ, ಎರಡು ಬ್ಯಾಟರಿಗಳಿರುತ್ತವೆ. ಚಕ್ರ ತಿರುಗಿಸುವ ದೊಡ್ಡದು ಸುಮಾರು 200 ವೋಲ್ಟ್‌ನ ಆಸುಪಾಸಿನದು. ಹೆಡ್‌ಲೈಟ್, ವೈಪರ್, ಹಾರ್ನ್, ಬಾಗಿಲ ಲಾಕ್, ಕಂಪ್ಯೂಟರ್‌ಗಳೆಲ್ಲ ನಡೆಯುವುದು 12 ವೋಲ್ಟ್‌ನಲ್ಲಿ. ಕಾರು ಆಫ್ ಆದಾಗ ಸುರಕ್ಷತೆಗಾಗಿ ರಿಲೇಗಳು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್‌ಗಳು) ದೊಡ್ಡ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸುತ್ತವೆ. ಆ ರಿಲೇಗಳನ್ನು ಮತ್ತೆ ಜೋಡಿಸಲು ಬೇಕಾಗುವುದು ಇದೇ 12 ವೋಲ್ಟ್. ಕಣಜದ ತುಂಬ ಭತ್ತವಿದೆ, ಬೀಗದ ಕೈ ಮಾತ್ರ ಚಿಕ್ಕ ಬ್ಯಾಟರಿಯ ಬಳಿ.

ಹಾಗಾದರೆ ಚಿಕ್ಕದಕ್ಕೆ ಚಾರ್ಜ್ ಎಲ್ಲಿಂದ? ಇಂಥ ಕಾರಿನಲ್ಲಿ ಸಾಮಾನ್ಯವಾಗಿ ಆಲ್ಟರ್ನೇಟರ್ (12 ವೋಲ್ಟ್ ಬ್ಯಾಟರಿ ತುಂಬಿಸಲು ಇಂಜಿನ್ ತಿರುಗಿಸುವ ಜನರೇಟರ್) ಇರುವುದಿಲ್ಲ. ಆ ಕೆಲಸ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಚಿಕ್ಕದಕ್ಕೆ ಕೊಡುವ ಡಿಸಿ-ಡಿಸಿ ಕನ್ವರ್ಟರ್‌ನದು. ಶರಾವತಿಯ ವಿದ್ಯುತ್ತು ದೊಡ್ಡ ತಂತಿಗಳಲ್ಲಿ ಬಂದು, ಕೊನೆಗೆ ಊರ ಟಿ.ಸಿ.ಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಇಳಿದು ಮನೆಗೆ 230 ವೋಲ್ಟ್ ಆಗುತ್ತದಲ್ಲ, ಇಲ್ಲಿಯೂ ಅಂಥದೇ ಕೆಲಸ. ಆದರೆ ಬ್ಯಾಟರಿಯದು ಒಂದೇ ದಿಕ್ಕಿನ ಪ್ರವಾಹ (ಡಿಸಿ), ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಲಾರದು. ಹಾಗಾಗಿ ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ ದಿಕ್ಕು ಬದಲಿಸುವ ಪ್ರವಾಹ (ಎಸಿ) ಮಾಡುತ್ತವೆ. ಪುಟ್ಟ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಡಯೋಡ್‌ಗಳಂಥ ಬಿಡಿಭಾಗಗಳು ಮತ್ತೆ ಡಿಸಿ ಮಾಡುತ್ತವೆ. ಹೊರಬರುವುದು ಸುಮಾರು 14 ವೋಲ್ಟ್. ಆಗುಂಬೆ ಘಾಟಿಯ 14 ತಿರುವುಗಳನ್ನು ಇಂಜಿನ್ ನಿಂತೇ ಇಳಿಯುವಾಗಲೂ ವೈಪರ್ ಬಳಲದೆ ಓಡುವುದು ಇದರಿಂದಲೇ. (ಮೋಟರ್ ಇಂಜಿನ್‌ಗೆ ನೆರವಷ್ಟೇ ಕೊಡುವ ಮೈಲ್ಡ್ ಹೈಬ್ರಿಡ್‌ನ ವ್ಯವಸ್ಥೆ ಬೇರೆ. ಅಲ್ಲಿ ಬೆಲ್ಟಿಗೆ ಜೋಡಿಸಿದ ಜನರೇಟರ್ ಇರುತ್ತದೆ.)

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಮೊದಲು ಕೈಪಿಡಿ ನೋಡಿ 12 ವೋಲ್ಟ್ ಬ್ಯಾಟರಿ ಎಲ್ಲಿದೆ ಎಂದು ತಿಳಿದುಕೊಳ್ಳಿ. ಎಷ್ಟೋ ಕಾರುಗಳಲ್ಲಿ ಅದು ಹಿಂಭಾಗದಲ್ಲಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮುಟ್ಟಲೇಬೇಡಿ. ಅದು ಪ್ರಾಣ ತೆಗೆಯುವ ವೋಲ್ಟೇಜ್. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6ರ ಸುತ್ತ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಹೆಚ್ಚೇನೂ ಉಳಿದಿಲ್ಲ. ಈಗ ಬ್ರೇಕ್ ಒತ್ತಿ ಕಾರು ಚಾಲೂ ಮಾಡಿ, 'ರೆಡಿ' ದೀಪ ಹೊತ್ತಲಿ. ಅಂಕಿ ಸುಮಾರು 14ಕ್ಕೆ ಏರಿದರೆ ಕನ್ವರ್ಟರ್ ದುಡಿಯುತ್ತಿದೆ. ಏರದೆ ಹೋದರೆ ಸರ್ವಿಸ್‌ಗೆ ಒಯ್ಯಿರಿ, ತಡಮಾಡಬೇಡಿ.

ಪೂರ್ತಿ ಇಳಿದು ಹೋಗಿದ್ದರೆ ಇನ್ನೊಂದು ಕಾರಿನಿಂದ ಜಂಪ್ ಕೊಡಬಹುದು. ಕೈಪಿಡಿ ಹೇಳಿದ ಜಾಗದಲ್ಲೇ ಕೇಬಲ್ ಹಾಕಿ. ಕೆಂಪು ಪ್ಲಸ್‌ಗೆ, ಕಪ್ಪಿನ ಕೊನೆಯ ತುದಿ ನಿಮ್ಮ ಕಾರಿನ ಬಣ್ಣವಿಲ್ಲದ ಲೋಹಕ್ಕೆ. ಅದಲುಬದಲಾದರೆ ಫ್ಯೂಸ್ ಅಥವಾ ಕನ್ವರ್ಟರ್ ಸುಟ್ಟೀತು. ಇಲ್ಲಿ ಸ್ಟಾರ್ಟರ್ ಮೋಟರ್ ತಿರುಗಿಸಬೇಕಾಗಿಲ್ಲ, ಕಂಪ್ಯೂಟರ್ ಮತ್ತು ರಿಲೇ ಎಚ್ಚರವಾದರೆ ಸಾಕು. ಭಾವನ ಕಾರು ಕೂಡ ಪಕ್ಕದ ಮನೆಯ ಕಾರಿನಿಂದ ಕೇಬಲ್ ಎಳೆದ ಸ್ವಲ್ಪ ಹೊತ್ತಿಗೆ 'ರೆಡಿ' ಎಂದಿತು. ಆದರೆ ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಲು ಹೋಗಬೇಡಿ, ಕನ್ವರ್ಟರ್ ಅಷ್ಟು ಭಾರ ತಾಳಲಿಕ್ಕಿಲ್ಲ.

ಮಳೆಗಾಲದಲ್ಲಿ ಕಾರು ನಿಂತೇ ಇದ್ದರೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ 'ರೆಡಿ'ಯಲ್ಲಿಡಿ. ಬರೀ ಇಗ್ನಿಷನ್ ಆನ್ ಮಾಡಿ ಹಾಡು ಕೇಳುತ್ತಾ ಕೂತರೆ ಚಿಕ್ಕ ಬ್ಯಾಟರಿ ಇನ್ನಷ್ಟು ಇಳಿಯುತ್ತದೆ. ಅಡಿಕೆ ಚಾಪೆಗಳನ್ನು ಒಟ್ಟಿದ, ನಾಲ್ಕೂ ಕಡೆ ಮುಚ್ಚಿದ ಕೊಟ್ಟಿಗೆಯಲ್ಲಿ ಮಾತ್ರ ಈ ಕೆಲಸ ಬೇಡ. ಇಂಜಿನ್ ನಡುನಡುವೆ ತಾನಾಗಿ ಶುರುವಾಗುತ್ತದೆ, ವಿಷದ ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ. ಮಳೆ ಹೊಯ್ಯುತ್ತಿದ್ದರೂ ಕಾರನ್ನು ಅಂಗಳಕ್ಕೆ ತನ್ನಿ.