ಕಡಿಮೆ ಖರ್ಚಿನಲ್ಲಿ ಬೀಡ್‌ಲಾಕ್ ವೀಲ್: ನಾನು ದುಡ್ಡು ಹಾಕಿದ್ದೆಲ್ಲಿ, ಉಳಿಸಿದ್ದೆಲ್ಲಿ

ಬೀಡ್‌ಲಾಕ್ ವೀಲ್ ಅಂದರೆ ಗಾಳಿ ಕಮ್ಮಿ ಇದ್ದಾಗಲೂ ಟೈರ್ ಕಳಚದಂತೆ ಅದರ ಅಂಚನ್ನು ಬೋಲ್ಟಿನಿಂದ ಬಿಗಿದಿಡುವ ವೀಲ್. ಅದನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಟೈರಿನ ಗಾಳಿಯನ್ನು ಎಷ್ಟಕ್ಕೆ ಇಳಿಸುತ್ತೀರಿ? ಮಣ್ಣು ದಾರಿ, ಸಾಧಾರಣ ಕೆಸರು ಇಷ್ಟೇ ಆದರೆ 15ರಿಂದ 18 ಪಿಎಸ್‌ಐ ಸಾಕು. ಅಷ್ಟು ಗಾಳಿಯಲ್ಲಿ ಮಾಮೂಲಿ ರಿಮ್ಮೇ ಟೈರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಖರ್ಚೇ ಬೇಡ. ನಾನು ಜಾಸ್ತಿ ಓಡಿಸುವುದು ಬಂಡೆಗಳ ಮೇಲೆ. ಅಲ್ಲಿ 10 ಪಿಎಸ್‌ಐಗಿಂತ ಕೆಳಗಿಳಿಸಿದರೆ ಸಿಗುವ ಹಿಡಿತವೇ ಬೇರೆ. ಹಾಗಾಗಿ ಬೀಡ್‌ಲಾಕ್ ಬೇಕು ಅಂತಾಯಿತು.

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಇರುವ ದಪ್ಪ ಭಾಗವೇ ಬೀಡ್. ಮಾಮೂಲಿ ವೀಲಿನಲ್ಲಿ ಅದನ್ನು ರಿಮ್ಮಿಗೆ ಒತ್ತಿ ಹಿಡಿಯುವುದು ಗಾಳಿ. ಗಾಳಿ ಕಮ್ಮಿ ಇದ್ದಾಗ ಪಕ್ಕದಿಂದ ಕಲ್ಲು ಒತ್ತಿದರೆ ಬೀಡ್ ಜಾರಿ ಟೈರ್ ಕಳಚಿಕೊಳ್ಳುತ್ತದೆ. ಬೀಡ್‌ಲಾಕ್‌ನಲ್ಲಿ ಹೊರಗಡೆಯ ಬೀಡನ್ನು ರಿಮ್ ಮತ್ತು ಒಂದು ರಿಂಗಿನ ನಡುವೆ ಇಟ್ಟು, ಸುತ್ತಲೂ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಒಳಗಡೆಯ ಬೀಡ್ ಎಂದಿನಂತೆ ಗಾಳಿಯ ಬಲದ ಮೇಲೇ ನಿಂತಿರುತ್ತದೆ. ಇದನ್ನು ನೋಡಿದ ಮೇಲೆ ನನ್ನ ಲೆಕ್ಕ ಸುಲಭವಾಯಿತು. ಈ ಬಿಗಿತಕ್ಕೆ ಬೇಕಾದದ್ದಕ್ಕೆ ದುಡ್ಡು ಹಾಕುವುದು. ಅಂದ, ಬಣ್ಣ, ಹಗುರತನದ ವಿಷಯದಲ್ಲಿ ಜಿಪುಣನಾಗುವುದು.

ಅಗ್ಗದ ವೀಲುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಸುಮ್ನೆ ಬೋಲ್ಟ್ ಅಂಟಿಸಿದಂತೆ ಕಾಣುವ ತೋರಿಕೆಯ ಬೀಡ್‌ಲಾಕ್. ಅದರ ರಿಂಗ್ ಟೈರನ್ನು ಮುಟ್ಟುವುದೇ ಇಲ್ಲ. ಬಿಟ್ಟುಬಿಡಿ.

ಎರಡನೆಯದು, ಇರುವ ಸ್ಟೀಲ್ ರಿಮ್ಮಿಗೆ ವೆಲ್ಡ್ ಮಾಡಿಸುವ ಕಿಟ್. ಲೆಕ್ಕದಲ್ಲಿ ಇದಕ್ಕಿಂತ ಅಗ್ಗ ಇಲ್ಲ. ಆದರೆ ವೆಲ್ಡಿಂಗ್ ಶಾಖಕ್ಕೆ ರಿಮ್ ಸೊಟ್ಟಗಾಗಬಹುದು. ಸೂಜಿಯ ತುದಿಯಷ್ಟು ತೂತು ಉಳಿದರೂ ಗಾಳಿ ಸೋರುತ್ತದೆ. ಗಾಡಿಯನ್ನು ಟ್ರೇಲರ್ ಮೇಲೆ ಸಾಗಿಸುವವರಿಗೆ ಸರಿ. ನನ್ನದು ರಸ್ತೆಯಲ್ಲೇ ಓಡಿಕೊಂಡು ಹೋಗುವ ಗಾಡಿ, ವೀಲ್ ಅಲುಗಾಡಿದರೆ ಸ್ಟೇರಿಂಗ್ ನಡುಗುತ್ತದೆ. ಬೇಡ ಅಂದೆ.

ಮಿಲಿಟರಿ ಹಮ್ವಿ ಗಾಡಿಯ ಹಳೆಯ ವೀಲುಗಳ ಮೇಲೆ ಮಾತ್ರ ಬಹಳ ಆಸೆಯಿತ್ತು. ಎರಡು ತುಂಡಿನ ವೀಲ್, ಒಳಗೊಂದು ರಬ್ಬರ್ ಬಳೆ, ಎರಡೂ ಬೀಡುಗಳು ಬಿಗಿಯಾಗುತ್ತವೆ. ಕೆಲಸದ ಮಟ್ಟಿಗೆ ಅದನ್ನು ಮೀರಿಸುವುದು ಕಷ್ಟ. ಆದರೆ ವಿಪರೀತ ಭಾರ, ಎಂಟು ಬೋಲ್ಟಿನ ಹಬ್ (ಗಾಡಿಯಲ್ಲಿ ವೀಲ್ ಕೂರುವ ಭಾಗ) ಬೇಕು, ವ್ಯಾಸ 16.5 ಇಂಚು. ಆ ಅಳತೆಯ ಟೈರ್ ಹುಡುಕುವುದೇ ಒಂದು ಕೆಲಸ. ವೀಲಿನಲ್ಲಿ ಉಳಿಸಿದ್ದು ಟೈರಿನಲ್ಲಿ ಹೋಗುತ್ತದೆ, ಅಲ್ವಾ?

ಕೊನೆಗೆ ತೆಗೆದುಕೊಂಡದ್ದು ಕಾರ್ಖಾನೆಯಲ್ಲೇ ಬೀಡ್‌ಲಾಕ್ ಆಗಿ ತಯಾರಾದ 15 ಇಂಚಿನ ಸ್ಟೀಲ್ ವೀಲ್, ಸೆಕೆಂಡ್ ಹ್ಯಾಂಡ್. ಸ್ಟೀಲ್ ಭಾರ ನಿಜ. ಆದರೆ ಕಲ್ಲಿಗೆ ಬಡಿದರೆ ಬಾಗುತ್ತದೆ, ಸುತ್ತಿಗೆಯಲ್ಲಿ ಬಡಿದು ಸುಮಾರಾಗಿ ನೇರ ಮಾಡಿಕೊಂಡು ಮನೆ ಸೇರಬಹುದು. ಎರಕದ ಅಲಾಯ್ ಅದೇ ಏಟಿಗೆ ಸೀಳಬಹುದು. 15 ಇಂಚು ಆರಿಸಿದ್ದಕ್ಕೂ ಕಾರಣವಿದೆ. ಟೈರಿನ ಹೊರ ಎತ್ತರ ಅಷ್ಟೇ ಇದ್ದು ರಿಮ್ ಚಿಕ್ಕದಾದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಎತ್ತರವಾಗುತ್ತದೆ, ಗಾಳಿ ಇಳಿಸಿದಾಗ ಕಲ್ಲಿನ ಮೇಲೆ ಚೆನ್ನಾಗಿ ಮಡಚಿಕೊಳ್ಳುತ್ತದೆ. ರಿಮ್ ಒಳಗಿನ ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಭಾಗ) ತಾಗುತ್ತದೆಯೋ ಇಲ್ಲವೋ ಅಂತ ಮಾತ್ರ ಅಳತೆ ಮಾಡಿಯೇ ದುಡ್ಡು ಕೊಡಬೇಕು.

ಹಳೆಯ ವೀಲ್ ನೋಡುವಾಗ ನಾನು ಬಣ್ಣ ನೋಡುವುದಿಲ್ಲ. ಹಬ್ ಬೋಲ್ಟಿನ ತೂತುಗಳ ಸುತ್ತ ಬಿರುಕಿದೆಯಾ, ರಿಮ್ಮಿನ ಒಳ ಅಂಚು ಬಾಗಿದೆಯಾ ನೋಡುತ್ತೇನೆ. ರಿಂಗನ್ನು ಬಿಚ್ಚಿ ಗಾಜಿನ ಮೇಲೆ ಮಲಗಿಸುತ್ತೇನೆ. ಎಲ್ಲಾದರೂ ಎದ್ದು ನಿಂತರೆ ಅದು ಸೊಟ್ಟಗಾಗಿದೆ ಅಂತ ಅರ್ಥ. ಪ್ರತಿ ಥ್ರೆಡ್ಡಿಗೂ ಕೈಯಲ್ಲೇ ಬೋಲ್ಟ್ ತಿರುಗಿಸಿ ನೋಡುತ್ತೇನೆ. ನನ್ನ ವೀಲಿಗೆ 24 ಬೋಲ್ಟ್, ನಾಲ್ಕಕ್ಕೆ 96. ಹಿಂದೆ ನಟ್ ಹಾಕುವಂಥದ್ದನ್ನೇ ಆರಿಸಿಕೊಂಡೆ. ಥ್ರೆಡ್ ಹೋದರೆ ನಟ್ ಬದಲಿಸಿದರಾಯಿತು, ವೀಲ್ ಕೆಡುವುದಿಲ್ಲ. ಹಳೆಯ ಬೋಲ್ಟುಗಳನ್ನೆಲ್ಲ ಎಸೆದು, ತಯಾರಕರು ಹೇಳಿದ ಗ್ರೇಡಿನ ಹೊಸ ಬೋಲ್ಟ್, ವಾಷರ್ ತಂದೆ. ಇಲ್ಲಿ ಜಿಪುಣತನ ಬೇಡ.

ಕೂರಿಸುವ ಕೆಲಸ ಮನೆಯಲ್ಲೇ ಆಗುತ್ತದೆ, ಯಂತ್ರ ಬೇಕಿಲ್ಲ. ಸೋಪಿನ ನೀರು ಹಚ್ಚಿ ಒಳಬೀಡನ್ನು ರಿಮ್ಮಿನೊಳಕ್ಕೆ ಇಳಿಸಬೇಕು. ಹೊರಬೀಡನ್ನು ಅದರ ಮೆಟ್ಟಿಲಿನ ಮೇಲೆ ಸುತ್ತಲೂ ಸಮನಾಗಿ ಕೂರಿಸಿ ಮೇಲೆ ರಿಂಗ್ ಇಡಬೇಕು. ಟೈರಿನಿಂದ ಟೈರಿಗೆ ಬೀಡಿನ ದಪ್ಪ ಬೇರೆ ಇರುತ್ತದೆ ಅನ್ನುವುದು ಇಲ್ಲಿ ಮುಖ್ಯ. ಬೀಡ್ ತೆಳುವಾಗಿದ್ದರೆ ಬೋಲ್ಟ್ ಬಿಗಿದಂತೆ ರಿಂಗ್ ರಿಮ್ಮಿಗೆ ತಾಗಿ ನಿಲ್ಲುತ್ತದೆ, ಬೀಡಿನ ಮೇಲೆ ಒತ್ತಡವೇ ಬೀಳುವುದಿಲ್ಲ. ದಪ್ಪವಾಗಿದ್ದರೆ ರಿಂಗಿನ ಹೊರ ಅಂಚು ತಟ್ಟೆಯ ಹಾಗೆ ಬಾಗುತ್ತದೆ, ಬೋಲ್ಟುಗಳ ಮೇಲೆ ಓರೆಯಾಗಿ ಭಾರ ಬಿದ್ದು ಅವು ಮುರಿಯತೊಡಗುತ್ತವೆ. ನನ್ನ ಟೈರ್ ದಪ್ಪ ಬೀಡಿನದ್ದು. ರಿಂಗ್ ಮತ್ತು ರಿಮ್ ನಡುವೆ ತೆಳು ಸ್ಪೇಸರ್ (ಅಂತರ ತುಂಬುವ ಬಿಲ್ಲೆ) ಕೊಟ್ಟು ಸರಿಮಾಡಿದೆ.

ಬೋಲ್ಟನ್ನು ಎದುರು ಬದುರಾಗಿ, ಹಲವು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನನ್ನ ವೀಲಿಗೆ ತಯಾರಕರು ಹೇಳಿದ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಬಲ, 18 ಅಡಿ-ಪೌಂಡ್, ಅಂದರೆ ಸುಮಾರು 24 ನ್ಯೂಟನ್ ಮೀಟರ್. ಹಬ್ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ರೆಂಚ್ (ಆ ಬಲವನ್ನು ಅಳೆದು ಬಿಗಿಯುವ ಸ್ಪ್ಯಾನರ್) ಇಷ್ಟು ಕಡಿಮೆ ಅಳತೆಯಲ್ಲಿ ಸರಿಯಾಗಿ ಹೇಳುವುದಿಲ್ಲ, ಚಿಕ್ಕದು ಬೇಕು. ಬಡಿದು ಬಡಿದು ಬಿಗಿಯುವ ಯಂತ್ರ, ಇಂಪ್ಯಾಕ್ಟ್ ಗನ್, ಹತ್ತಿರವೂ ತರಬೇಡಿ. ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಕೊಟ್ಟರೆ ಬೋಲ್ಟ್ ಅಳತೆ ಮೀರಿ ಎಳೆದುಕೊಳ್ಳುತ್ತದೆ. ಸ್ವಲ್ಪ ಓಡಿಸಿದ ಮೇಲೆ ರಬ್ಬರ್ ಕೂತು ಬೋಲ್ಟುಗಳು ಸಡಿಲಾಗುತ್ತವೆ. ಆಗ ಮತ್ತೆ ಎಲ್ಲವನ್ನೂ ಬಿಗಿಯಬೇಕು. ಟೈರಿನಲ್ಲಿ ಗಾಳಿ ಇರುವಾಗ ರಿಂಗಿನ ಬೋಲ್ಟ್ ಬಿಚ್ಚಲೇಬಾರದು. ರಿಂಗ್ ಸಿಡಿದು ಪ್ರಾಣಕ್ಕೇ ಕುತ್ತು. ಮೊದಲು ವಾಲ್ವಿನ ಒಳಗಿರುವ ಚಿಕ್ಕ ಪಿನ್ನು (ವಾಲ್ವ್ ಕೋರ್) ತೆಗೆದು ಗಾಳಿಯನ್ನು ಪೂರ್ತಿ ಬಿಡಿ.

ಇನ್ನೊಂದು ಉಳಿತಾಯ ಸ್ಟೆಪ್ನಿಯಲ್ಲಿ. ಅದಕ್ಕೆ ಬೀಡ್‌ಲಾಕ್ ಹಾಕಿಸಿಲ್ಲ. ಅದೇ ಅಳತೆಯ ಟೈರ್, ಮಾಮೂಲಿ ಸ್ಟೀಲ್ ರಿಮ್. ಉಳಿದ ದುಡ್ಡಿಗೆ ಒಳ್ಳೆಯ ಕಂಪ್ರೆಸರ್ ಬಂತು. ಗಾಳಿ ಇಳಿಸಿದವನು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಲೇಬೇಕಲ್ಲ. ರಸ್ತೆಯ ವಿಷಯ ಬಂದಾಗ, ಬೀಡ್‌ಲಾಕ್ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ತರಹ ಇಲ್ಲ. ನಿಮ್ಮ ಕಡೆಯ ನಿಯಮವನ್ನು, ವಿಮೆಯ ಷರತ್ತನ್ನು ವೀಲ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ.