ಪ್ಯಾಸಿವ್ ವಾಕ್ಯದಲ್ಲಿ ‘ಕೂಡಲೇ’ ಎಲ್ಲಿ ಕೂರಬೇಕು? ನನ್ನ ಅನುಭವ

ಧಾರವಾಡದಲ್ಲಿ ಕೋರ್ಟಿನ ಕಾಗದಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಕೆಳಗಿನ ಕೋರ್ಟಿನಲ್ಲಿ ದಾವೆ, ಸಾಕ್ಷಿ ಹೇಳಿಕೆ, ಪಂಚನಾಮೆ ಎಲ್ಲ ಕನ್ನಡದಲ್ಲಿ ನಡೆಯುತ್ತವೆ. ಕೇಸು ಹೈಕೋರ್ಟಿಗೆ ಹೋಯಿತೆಂದರೆ ಅಲ್ಲಿಯ ಭಾಷೆ ಇಂಗ್ಲಿಷ್. ಸಂವಿಧಾನದ 348ನೇ ವಿಧಿ ಇರುವುದೇ ಹಾಗೆ. ನನ್ನ ಹೊಟ್ಟೆಪಾಡು ಆ ವಿಧಿಯ ಮೇಲೆ ನಿಂತಿದೆ ಅನ್ನಬಹುದು.

ನಮ್ಮ ಕಚೇರಿ ಕನ್ನಡದ ತುಂಬ ‘ತಿಳಿಸಲಾಗಿದೆ’, ‘ಮಂಜೂರು ಮಾಡಲಾಗಿದೆ’, ‘ಜಪ್ತಿ ಮಾಡಲಾಯಿತು’. ಯಾರು ಮಾಡಿದರು ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿಗೆ ಬಂದಾಗ ಇವೆಲ್ಲ ಪ್ಯಾಸಿವ್ ಆಗುತ್ತವೆ. ಅದು ಕಷ್ಟವಲ್ಲ. ಕಷ್ಟ ಇರುವುದು ಅವುಗಳ ಜೊತೆ ಬರುವ ‘ಕೂಡಲೇ’, ‘ಸರಿಯಾಗಿ’, ‘ಈಗಾಗಲೇ’, ‘ಬೇಕಂತಲೇ’ ಇಂಥ ಪುಟಾಣಿ ಪದಗಳಲ್ಲಿ. ಇಂಗ್ಲಿಷಿನಲ್ಲಿ ಇವನ್ನೇ ಆಡ್ವರ್ಬ್ ಅನ್ನುವುದು.

ಕೆಲಸ ಶುರು ಮಾಡಿದ ಹೊಸದರಲ್ಲಿ ಅಣ್ಣತಮ್ಮಂದಿರ ಪಾಲಿನ ಕೇಸೊಂದು ಬಂದಿತ್ತು. ಆಸ್ತಿಯ ಮೂಲ ಪತ್ರಗಳು ಅಣ್ಣನ ಹತ್ತಿರ ಇದ್ದವು. ಕಾಗದದಲ್ಲಿದ್ದ ವಾಕ್ಯ ಹೀಗಿತ್ತು: ‘ಮೂಲ ಪತ್ರಗಳನ್ನು ಕೂಡಲೇ ಹಿಂದಿರುಗಿಸುವಂತೆ ಅವರಿಗೆ ತಿಳಿಸಲಾಯಿತು.’ ನಾನು ಯೋಚನೆಯೇ ಮಾಡದೆ ಬರೆದೆ: ‘ಹಿ ವಾಸ್ ಇಮ್ಮೀಡಿಯೆಟ್ಲಿ ಟೋಲ್ಡ್ ಟು ರಿಟರ್ನ್ ದಿ ಡಾಕ್ಯುಮೆಂಟ್ಸ್.’ ಪ್ಯಾಸಿವ್‌ನಲ್ಲಿ ಆಡ್ವರ್ಬ್ ‘ವಾಸ್’ ಆದಮೇಲೆ ಬರುತ್ತದೆ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನೇ ಹಚ್ಚಿದೆ.

ಸಂಜೆ ವಕೀಲರು ಕರೆಸಿದರು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ.

“ಅಲ್ರೀ, ಇದರಾಗ ಹೇಳಿದ್ದು ಲಗೂನೋ, ಕೊಡೂದು ಲಗೂನೋ?”

“ಕೊಡೂದು ಸರ್.”

“ಮತ್ತ ನೀವು ಹೇಳಿದ್ದ ಲಗೂ ಅಂತ ಬರದೀರಿ!”

ಅಣ್ಣನಿಗೆ ತಿಳಿಸಿದ್ದು ಯಾವಾಗ ಅನ್ನುವುದೇ ಆ ಕೇಸಿನಲ್ಲಿ ಜಗಳ. ತಿಳಿಸಿದ್ದು ಮೂರು ತಿಂಗಳ ಮೇಲೆ. ನನ್ನ ಇಂಗ್ಲಿಷ್ ಓದಿದವರಿಗೆ ಅವತ್ತೇ ತಿಳಿಸಿಬಿಟ್ಟರು ಅನ್ನಿಸುತ್ತದೆ. ‘ಇಮ್ಮೀಡಿಯೆಟ್ಲಿ’ಯನ್ನು ಎತ್ತಿ ವಾಕ್ಯದ ಕೊನೆಗೆ, ‘ರಿಟರ್ನ್ ದಿ ಡಾಕ್ಯುಮೆಂಟ್ಸ್ ಇಮ್ಮೀಡಿಯೆಟ್ಲಿ’ ಅಂತ ಇಟ್ಟೆ. ಒಂದೇ ಪದ ಜಾಗ ಬದಲಿಸಿತು, ಮೂರು ತಿಂಗಳು ವಾಪಸ್ ಬಂತು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಕನ್ನಡದ ಹಾಳೆಯಲ್ಲಿ ಇಂಥ ಪದ ಕಂಡರೆ, ಅದು ಯಾವ ಕ್ರಿಯಾಪದಕ್ಕೆ ಸೇರಿದ್ದೋ ಅಲ್ಲಿಗೆ ಪೆನ್ಸಿಲ್‌ನಲ್ಲಿ ಒಂದು ಬಾಣ ಎಳೆಯುತ್ತೇನೆ. ಕನ್ನಡದಲ್ಲಿ ಸಾಮಾನ್ಯವಾಗಿ ಅದು ತನ್ನ ಕ್ರಿಯಾಪದದ ಮುಂದೆಯೇ ಇರುತ್ತದೆ: ‘ಕೂಡಲೇ ಹಿಂದಿರುಗಿಸುವಂತೆ’, ‘ಸರಿಯಾಗಿ ಅಳೆದು’. ಬಾಣ ಎಳೆದ ಮೇಲೆಯೇ ಇಂಗ್ಲಿಷ್.

ಬಾಣ ಪ್ಯಾಸಿವ್ ಕ್ರಿಯಾಪದಕ್ಕೇ ಹೋಯಿತು ಅಂತಿಟ್ಟುಕೊಳ್ಳಿ. ಆಗ ನನ್ನ ಲೆಕ್ಕ ರೈಲಿನದು. ‘ಹ್ಯಾಡ್’, ‘ಬೀನ್’, ‘ಸರ್ವ್ಡ್’ ಒಂದೊಂದೂ ಒಂದು ಬೋಗಿ. ನಿಜವಾದ ಕೆಲಸ ಇರುವುದು ಕೊನೆಯ ಬೋಗಿಯಲ್ಲಿ, ಅಂದರೆ ಶಾಲೆಯಲ್ಲಿ ವಿ-3 ಅಂತ ಕಲಿಸುತ್ತಿದ್ದರಲ್ಲ, ಅದರಲ್ಲಿ. ಕೆಲಸ ಹೇಗೆ ಆಯಿತು ಅಂತ ಹೇಳುವ ಪದ ಅದರ ಮುಂದೆಯೇ ಬಂದರೆ ಚೆನ್ನ. ‘ನೋಟಿಸ್ ಸರಿಯಾಗಿ ಜಾರಿಯಾಗಿರಲಿಲ್ಲ’ ಅನ್ನುವುದಕ್ಕೆ ‘ದಿ ನೋಟಿಸ್ ಹ್ಯಾಡ್ ನಾಟ್ ಬೀನ್ ಪ್ರಾಪರ್ಲಿ ಸರ್ವ್ಡ್’. ಯಾವಾಗ, ಎಷ್ಟು ಸಲ, ಆಗಬಹುದೋ ಇಲ್ಲವೋ ಅಂತ ಹೇಳುವ ಪದಗಳು ಮೊದಲ ಬೋಗಿ ಆದಕೂಡಲೇ ಹತ್ತಿಬಿಡುತ್ತವೆ: ‘ಹ್ಯಾಸ್ ಆಲ್ರೆಡಿ ಬೀನ್ ಸ್ಯಾಂಕ್ಷನ್ಡ್’, ‘ವಿಲ್ ಪ್ರಾಬಬ್ಲಿ ಬಿ ಸೋಲ್ಡ್’, ‘ಶುಡ್ ನೆವರ್ ಹ್ಯಾವ್ ಬೀನ್ ಸೋಲ್ಡ್’. ಎರಡೂ ಥರದವು ಒಂದೇ ವಾಕ್ಯದಲ್ಲಿ ಬಂದರೂ ತಂತಮ್ಮ ಜಾಗದಲ್ಲಿ ಕೂರುತ್ತವೆ: ‘ಹ್ಯಾಸ್ ಆಲ್ರೆಡಿ ಬೀನ್ ಕೇರ್‌ಫುಲಿ ಎಗ್ಸಾಮಿನ್ಡ್’. ‘ಹ್ಯಾಸ್ ಬೀನ್ ರೀಸೆಂಟ್ಲಿ ರಿಪೇರ್ಡ್’ ಅಂತ ಬರೆಯುವವರೂ ಇದ್ದಾರೆ, ತಪ್ಪೇನಿಲ್ಲ. ನನಗೆ ‘ಹ್ಯಾಸ್ ರೀಸೆಂಟ್ಲಿ ಬೀನ್’ ಅಂದರೆ ಕಿವಿಗೆ ಹಿತ.

ನನ್ನ ಜೊತೆ ಇದ್ದ ಹಿರಿಯರೊಬ್ಬರು ಇದಕ್ಕೆ ಒಪ್ಪುತ್ತಲೇ ಇರಲಿಲ್ಲ. ಕ್ರಿಯಾಪದವನ್ನು ಒಡೆದು ನಡುವೆ ಇನ್ನೊಂದು ಪದ ತುರುಕಬಾರದು ಅಂತ ಅವರ ಹಟ. ‘ಪ್ರಾಪರ್ಲಿ ಹ್ಯಾಡ್ ನಾಟ್ ಬೀನ್ ಸರ್ವ್ಡ್’ ಅಂತ ತಿದ್ದುತ್ತಿದ್ದರು. ಈ ಭಯ ಇಂಗ್ಲಿಷರಿಗೂ ಇತ್ತು. 1926ರಲ್ಲಿ ಪದಬಳಕೆಯ ನಿಘಂಟು ಬರೆದ ಫೌಲರ್, ಇದು ಸುಮ್ನೆ ಭಯ ಅಂತ ಆಗಲೇ ತಳ್ಳಿಹಾಕಿದ್ದರು. ಕಾನೂನಿನ ಪುಸ್ತಕವನ್ನೇ ನೋಡಿ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿ ಬರುವುದು ‘ಡ್ಯೂಲಿ ಸ್ಟಾಂಪ್ಡ್’. ವಿ-3ರ ಮುಂದೆ, ಅಂಟಿಕೊಂಡು. ಇದನ್ನು ತೋರಿಸಿದ ಮೇಲೆ ಹಿರಿಯರು ಸುಮ್ಮನಾದರು, ಒಪ್ಪಿದರು ಅಂತ ಮಾತ್ರ ಹೇಳಲಾರೆ.

ಜಾಗ ಬದಲಾದರೆ ಅರ್ಥವೇ ಬದಲಾಗುವ ಪದಗಳಿವೆ, ಅವು ಬಂದರೆ ನನಗೆ ಈಗಲೂ ಮೈಯೆಲ್ಲ ಕಣ್ಣು. ‘ದಿ ಲೆಟರ್ ವಾಸ್ ಕ್ಲಿಯರ್ಲಿ ರಿಟನ್ ಬೈ ಎ ಲಾಯರ್’ ಅಂದರೆ ಪತ್ರ ಬರೆದದ್ದು ವಕೀಲರೇ, ನೋಡಿದರೇ ಗೊತ್ತಾಗುತ್ತದೆ ಅಂತ ಓದುವವರು ತಿಳಿಯುತ್ತಾರೆ. ‘ವಾಸ್ ರಿಟನ್ ಕ್ಲಿಯರ್ಲಿ’ ಅಂದರೆ ಬರವಣಿಗೆ ಸ್ಪಷ್ಟವಾಗಿತ್ತು. ಮೊದಲನೆಯದು ಅನುಮಾನ, ಎರಡನೆಯದು ಹೊಗಳಿಕೆ! ‘ನಾಟ್’ ಸೇರಿದರೆ ಇನ್ನೂ ಮಜಾ. ಸಾಲದ ವಿಷಯ ‘ವಾಸ್ ಡೆಲಿಬರೇಟ್ಲಿ ನಾಟ್ ಡಿಸ್‌ಕ್ಲೋಸ್ಡ್’ ಅಂದರೆ ಬೇಕಂತಲೇ ಮುಚ್ಚಿಟ್ಟರು. ‘ವಾಸ್ ನಾಟ್ ಡೆಲಿಬರೇಟ್ಲಿ ಡಿಸ್‌ಕ್ಲೋಸ್ಡ್’ ಅಂದರೆ ಬೇಕಂತ ಹೊರಗೆ ಬಿಟ್ಟಿದ್ದಲ್ಲ. ಒಂದರಲ್ಲಿ ವಿಷಯ ಯಾರಿಗೂ ಗೊತ್ತಿಲ್ಲ, ಇನ್ನೊಂದರಲ್ಲಿ ಊರಿಗೆಲ್ಲ ಗೊತ್ತಾಗಿಬಿಟ್ಟಿದೆ.

ಶಾಲೆಯಲ್ಲಿ ವಾಯ್ಸ್ ಬದಲಿಸುವ ಲೆಕ್ಕ ಮಾಡಿಸುತ್ತಿದ್ದರಲ್ಲ, ರಾಮ ರಾವಣನನ್ನು ಕೊಂದ, ರಾವಣ ರಾಮನಿಂದ ಕೊಲ್ಲಲ್ಪಟ್ಟ ಅಂತ. ಆಡ್ವರ್ಬ್ ಇಲ್ಲದ ತನಕ ಅದು ಸಲೀಸು. ‘ಡಾಕ್ಟರ್ ಮನಸ್ಸಿಲ್ಲದ ಮನಸ್ಸಿನಿಂದ ರೋಗಿಯನ್ನು ಪರೀಕ್ಷೆ ಮಾಡಿದರು’ ಅನ್ನುವುದನ್ನು ಪ್ಯಾಸಿವ್ ಮಾಡಿ ನೋಡಿ. ‘ದಿ ಪೇಶೆಂಟ್ ವಾಸ್ ರಿಲಕ್ಟೆಂಟ್ಲಿ ಎಗ್ಸಾಮಿನ್ಡ್ ಬೈ ದಿ ಡಾಕ್ಟರ್.’ ಈಗ ಮನಸ್ಸಿಲ್ಲದ್ದು ಯಾರಿಗೆ? ಡಾಕ್ಟರಿಗೂ ಇರಬಹುದು, ರೋಗಿಗೂ ಇರಬಹುದು. ಹೀಗೆ ಮಾಡುವವರ ಮನಸ್ಸನ್ನು ಹೇಳುವ ಪದ ಬಂದರೆ ನಾನು ಪ್ಯಾಸಿವ್ ಬಿಟ್ಟು, ಮಾಡಿದವರನ್ನೇ ಮುಂದಕ್ಕೆ ತರುತ್ತೇನೆ. ಮೂಲದಲ್ಲಿ ಮಾಡಿದವರ ಹೆಸರು ಇಲ್ಲದಿದ್ದರೆ ವಕೀಲರಿಗೆ ಫೋನು.

‘ತುಂಬಾ’ ಅನ್ನುವ ಪದ ನನ್ನನ್ನು ವರ್ಷಗಟ್ಟಲೆ ಆಟ ಆಡಿಸಿತು. ಕನ್ನಡದಲ್ಲಿ ತುಂಬಾ ಪೆಟ್ಟಾಗಿದೆ, ತುಂಬಾ ಹಾಳಾಗಿದೆ, ತುಂಬಾ ಮೆಚ್ಚಿದರು, ಎಲ್ಲದಕ್ಕೂ ಒಂದೇ. ನಾನೂ ‘ವೆರಿ ಡ್ಯಾಮೇಜ್ಡ್’, ‘ವೆರಿ ಅಪ್ರೀಶಿಯೇಟೆಡ್’ ಅಂತ ಗೀಚುತ್ತಿದ್ದೆ. ಇಂಗ್ಲಿಷಿನಲ್ಲಿ ಪ್ಯಾಸಿವ್ ಕ್ರಿಯಾಪದದ ಪಕ್ಕ ‘ವೆರಿ’ ಕೂರುವುದಿಲ್ಲ. ಒಂದೊಂದು ಕ್ರಿಯಾಪದಕ್ಕೂ ಅದರದೇ ಜೋಡಿ ಇದೆ. ಪೆಟ್ಟಿಗೆ ‘ಸೀರಿಯಸ್ಲಿ ಇಂಜರ್ಡ್’, ಹಾಳಾದದ್ದಕ್ಕೆ ‘ಬ್ಯಾಡ್ಲಿ ಡ್ಯಾಮೇಜ್ಡ್’, ಮನಸ್ಸಿಗೆ ನೋವಾದರೆ ‘ಡೀಪ್ಲಿ ಹರ್ಟ್’, ಹೊಗಳಿದರೆ ‘ಹೈಲಿ ಪ್ರೇಸ್ಡ್’, ದಂಡಕ್ಕೆ ‘ಹೆವಿಲಿ ಫೈನ್ಡ್’, ಎಲ್ಲ ಕಡೆ ಟೀಕೆ ಬಂದರೆ ‘ವೈಡ್ಲಿ ಕ್ರಿಟಿಸೈಜ್ಡ್’. ಇದಕ್ಕೆ ನಿಯಮ ಹುಡುಕಿ ಸಾಕಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. ಇಂಗ್ಲಿಷ್ ತೀರ್ಪು, ಪತ್ರಿಕೆ ಓದುವಾಗ ಸಿಕ್ಕ ಜೋಡಿಯನ್ನು ಬರೆದುಕೊಳ್ಳುತ್ತೇನೆ. ಬಿಡಿಯಾಗಿ ಬರೆಯುವುದಿಲ್ಲ, ಎರಡನ್ನೂ ಸೇರಿಸಿಯೇ.

ಬಾಲದಲ್ಲಿ ‘ಲಿ’ ಇಲ್ಲದ ‘ಫಾಸ್ಟ್’, ‘ಹಾರ್ಡ್’, ‘ಲೇಟ್’ ಮುಂದೆ ಬರುವುದಿಲ್ಲ, ಹಿಂದೆ ಹೋಗಬೇಕು: ‘ವಾಸ್ ಡ್ರಿವನ್ ಫಾಸ್ಟ್’, ‘ವಾಸ್ ಫೈಲ್ಡ್ ಲೇಟ್’. ‘ಹಿ ವಾಸ್ ಹಿಟ್ ಹಾರ್ಡ್’ ಅನ್ನುವ ಕಡೆ, ‘ಲಿ’ ಸೇರಿಸಿದರೆ ಚೆಂದ ಅಂತ ‘ಹಾರ್ಡ್ಲಿ ಹಿಟ್’ ಬರೆದರೆ ಏಟೇ ಬೀಳಲಿಲ್ಲ ಅನ್ನೋ ಹಾಗಾಗುತ್ತದೆ. ‘ವೆಲ್’ ಮಾತ್ರ ಬಾಲ ಇಲ್ಲದಿದ್ದರೂ ಮುಂದೆ ಬರುತ್ತದೆ: ‘ವಾಸ್ ವೆಲ್ ರಿಸೀವ್ಡ್’.

‘ಮಾತ್ರ’ದ ವಿಷಯದಲ್ಲಿ ನಮ್ಮ ಕನ್ನಡವೇ ಜಾಣ. ‘ಸೋಮವಾರ ಮಾತ್ರ’ ಅಂತ ಆ ಪದದ ಬೆನ್ನಿಗೇ ಕಟ್ಟಿಬಿಡುತ್ತೇವೆ. ‘ದಿ ರಿಜಿಸ್ಟರ್ ವಾಸ್ ಓನ್ಲಿ ಇನ್‌ಸ್ಪೆಕ್ಟೆಡ್ ಆನ್ ಮಂಡೇ’ ಅಂದರೆ ಸೋಮವಾರ ಮಾತ್ರ ನೋಡಿದರೋ, ನೋಡಿದರು ಮಾತ್ರ ನಕಲು ತೆಗೆಯಲಿಲ್ಲವೋ? ನಾನು ‘ಓನ್ಲಿ ಆನ್ ಮಂಡೇ’ ಅಂತ ಅಂಟಿಸಿಯೇ ಬರೆಯುತ್ತೇನೆ.

ಸೋಮವಾರ ಅಂದಾಗ ನೆನಪಾಯಿತು. ಹೋದ ವಾರ ಬಂದ ಕಾಗದದಲ್ಲಿ ಒಂದು ಸಾಲು: ‘ಸೋಮವಾರ ಹಾಜರಾಗಲು ಅವರಿಗೆ ತಿಳಿಸಲಾಯಿತು, ಆದರೆ ಹಾಜರಾಗಿಲ್ಲ.’ ಪೆನ್ಸಿಲ್ ಹಿಡಿದು ಕೂತೆ. ಬಾಣ ‘ಹಾಜರಾಗಲು’ ಕಡೆ ಹೋಗಬೇಕು ಅನ್ನಿಸಿತು. ಆದರೆ ಮೇಲಿನ ತಾರೀಖು ನೋಡಿದರೆ ಅದೂ ಸೋಮವಾರವೇ! ಕೆಂಪು ಪೆನ್ನಿನ ಅದೇ ವಕೀಲರಿಗೆ ಫೋನ್ ಮಾಡಿ, ತಿಳಿಸಿದ್ದು ಸೋಮವಾರವೋ, ಬರಬೇಕಾದದ್ದು ಸೋಮವಾರವೋ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಹಾಳೆ ತಿರುವುವ ಸದ್ದು.

“ಬರದವರು ರಿಟೈರ್ ಆಗ್ಯಾರ್ರೀ. ತಡೀರಿ, ಅವರ ನಂಬರ್ ಐತಿ, ಕೇಳಿ ಹೇಳ್ತೀನಿ.”